ಪ್ಯಾಕೆಟ್ ನೋಡದೆ ಕಾವಲು ಕಾಯಬಹುದೆ?

ಸೈಬರ್ ಭದ್ರತೆಯ ಕೆಲಸಕ್ಕೆ ಹೋಗಬೇಕೆನ್ನುವವರು ಮೊದಲು ನೆಟ್‌ವರ್ಕಿಂಗ್ ತರಬೇತಿ ಪಡೆಯಬೇಕೋ, ನೇರವಾಗಿ ಭದ್ರತೆಯ ಕೋರ್ಸಿಗೇ ಸೇರಬಹುದೋ? ಬಿಸಿಎ, ಬಿಇ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ದುಡ್ಡಿನ ಲೆಕ್ಕದ ಜೊತೆಗೇ ಬರುತ್ತದೆ. ಇಲ್ಲಿ ಮಾತಾಡುತ್ತಿರುವ ಇಬ್ಬರಲ್ಲಿ ಹಿರಿಯರು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಬಹುಕಾಲದಿಂದ ರೂಟರ್, ಸ್ವಿಚ್, ಫೈರ್‌ವಾಲ್ ನೋಡಿಕೊಳ್ಳುತ್ತಿರುವವರು. ಹುಡುಗಿ ಅವರ ಅಣ್ಣನ ಮಗಳು. ಹಾಸನದಲ್ಲಿ ಬಿಸಿಎ ಮುಗಿಸಿ, ಎರಡು ತರಬೇತಿ ಕೇಂದ್ರಗಳ ಕರಪತ್ರ ಹಿಡಿದುಕೊಂಡು ಬಂದಿದ್ದಾಳೆ.

ಹುಡುಗಿ: ಚಿಕ್ಕಪ್ಪ, ಇದು ಎಥಿಕಲ್ ಹ್ಯಾಕಿಂಗ್, ನಾಲ್ಕು ತಿಂಗಳು. ಇದು ಸಿಸಿಎನ್‌ಎ, ಮೂರು ತಿಂಗಳು. ಎರಡಕ್ಕೂ ಸೇರೋಷ್ಟು ದುಡ್ಡು ಅಪ್ಪನ ಹತ್ರ ಇಲ್ಲ. ನನಗೆ ಬೇಕಾಗಿರೋದು ಸೆಕ್ಯುರಿಟಿ ಕೆಲಸ. ಹಾಗಿರುವಾಗ ನೆಟ್‌ವರ್ಕಿಂಗ್‌ಗೆ ಯಾಕೆ ಸೇರಲಿ?

ಚಿಕ್ಕಪ್ಪ: ಯಾವ ಸೆಕ್ಯುರಿಟಿ ಕೆಲಸ ಅಂತ ಮೊದಲು ಹೇಳಮ್ಮ.

ಹುಡುಗಿ: ಎಸ್‌ಓಸಿ ಅನಲಿಸ್ಟ್. ಹಗಲು ರಾತ್ರಿ ಪಾಳಿಯಲ್ಲಿ ಅಲರ್ಟ್ ನೋಡೋ ತಂಡ. ಹೊಸಬರಿಗೆ ಬಾಗಿಲು ತೆಗೆಯೋದು ಅಲ್ಲೇ ಅಂತ ಸೀನಿಯರ್‌ಗಳು ಹೇಳ್ತಾರೆ. ಮುಂದೆ ಪೆನ್ ಟೆಸ್ಟಿಂಗ್‌ಗೆ ಹೋಗೋ ಆಸೆ ಇದೆ.

ಚಿಕ್ಕಪ್ಪ: ಸರಿ. ರಾತ್ರಿ ಪಾಳಿಯಲ್ಲಿ ಕೂತಿದ್ದೀಯ. ಪರದೆ ಮೇಲೆ ಒಂದು ಅಲರ್ಟ್ ಬಂತು. 10.20.4.17 ಅನ್ನೋ ಯಂತ್ರ ಒಂದೇ ನಿಮಿಷದಲ್ಲಿ ಇನ್ನೂರು ಯಂತ್ರಗಳ 445ನೇ ಪೋರ್ಟ್ ತಟ್ಟಿದೆ. ಅದು ನಿಮ್ಮದೇ ಸ್ಕ್ಯಾನಿಂಗ್ ಸರ್ವರ್ರೋ, ವೈರಸ್ ಹೊಕ್ಕಿರೋ ಲ್ಯಾಪ್‌ಟಾಪೋ? ಯಾರನ್ನಾದ್ರೂ ನಿದ್ದೆಯಿಂದ ಎಬ್ಬಿಸಬೇಕೋ ಬೇಡವೋ?

ಹುಡುಗಿ: ಅದಕ್ಕೆ ಪ್ಲೇಬುಕ್ ಇರುತ್ತೆ. 445 ಅಂದ್ರೆ ಎಸ್‌ಎಂಬಿ, ಫೈಲ್ ಹಂಚಿಕೊಳ್ಳೋ ಪೋರ್ಟ್ ಅಂತ ನನಗೆ ಗೊತ್ತು. ಅದನ್ನ ಕಲಿಯೋಕೆ ಮೂರು ತಿಂಗಳು ಬೇಕಾಗಲಿಲ್ಲ.

ಚಿಕ್ಕಪ್ಪ: ಪೋರ್ಟಿನ ನಂಬರ್ ಗೊತ್ತಿರೋದು ಸಂತೋಷ. ಆದ್ರೆ 2017ರ ಮೇ 12ನ್ನ ನೆನಪು ಮಾಡ್ಕೊ. ವಾನಾಕ್ರೈ ಹರಡಿದ್ದು ಇದೇ ಪೋರ್ಟಿನಿಂದ. ಯಂತ್ರದಿಂದ ಯಂತ್ರಕ್ಕೆ ಹಾರೋಕೆ ಯಾರೂ ಯಾವ ಲಿಂಕೂ ಒತ್ತಬೇಕಾಗಿರಲಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಿದ್ವು. ಒಂದು ಆಸ್ಪತ್ರೆಯ ರಿಸೆಪ್ಷನ್ ಕಂಪ್ಯೂಟರ್ ಎಕ್ಸ್‌ರೇ ಕೋಣೆಯ ಕಂಪ್ಯೂಟರಿನ 445ನ್ನ ಯಾಕೆ ಮುಟ್ಟಬೇಕು? ಈ ಪ್ರಶ್ನೆ ಕೇಳೋದನ್ನ ಕಲಿಸೋದು ನೆಟ್‌ವರ್ಕಿಂಗ್.

ಹುಡುಗಿ: ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು ಚಿಕ್ಕಪ್ಪ. ಹಾಕಿಕೊಂಡಿದ್ದ ಯಂತ್ರಗಳಿಗೆ ಅದು ಹೊಕ್ಕಲಿಲ್ಲ. ಇನ್ನು 2021ರ ಡಿಸೆಂಬರ್‌ನ ಲಾಗ್4ಶೆಲ್ ತಗೊಳ್ಳಿ. ಜಾವಾದ ಲಾಗ್ ಬರೆಯೋ ಲೈಬ್ರರಿಯಲ್ಲಿ ದೋಷ. ವೆಬ್‌ಸೈಟಿನ ಹುಡುಕೋ ಪೆಟ್ಟಿಗೆಯಲ್ಲಿ ಒಂದು ಸಾಲು ಟೈಪ್ ಮಾಡಿದ್ರೂ ಸಾಕಾಗ್ತಿತ್ತು. 443ನೇ ಪೋರ್ಟ್ ಎಲ್ಲರಿಗೂ ತೆರೆದೇ ಇರ್ಬೇಕು, ಫೈರ್‌ವಾಲ್ ಸುಮ್ಮನೆ ಒಳಗೆ ಬಿಡುತ್ತೆ. ಅಲ್ಲಿ ನಿಮ್ಮ ಸಬ್‌ನೆಟ್ಟಿಂಗ್ ಏನು ಮಾಡುತ್ತೆ?

ಚಿಕ್ಕಪ್ಪ: ಆ ಸಾಲು ಒಳಗೆ ಹೋದ ಮೇಲೆ ಏನಾಗ್ತಿತ್ತು ಹೇಳು.

ಹುಡುಗಿ: ಸರ್ವರ್ ಹೊರಗಿನ ದಾಳಿಕೋರನ ಯಂತ್ರಕ್ಕೆ ಎಲ್‌ಡ್ಯಾಪ್ ಮೂಲಕ ಕರೆ ಮಾಡಿ, ಅಲ್ಲಿಂದ ಕೋಡ್ ತರಿಸಿಕೊಳ್ತಿತ್ತು.

ಚಿಕ್ಕಪ್ಪ: ವೆಬ್ ಸರ್ವರ್ ತಾನಾಗಿ ಹೊರಗೆ ಕರೆ ಮಾಡಬೇಕಾದ ಅಗತ್ಯ ಏನಿದೆ? ಒಳಗೆ ಬರೋದನ್ನ ಎಲ್ಲರೂ ತಡೀತಾರೆ, ಹೊರಗೆ ಹೋಗೋದನ್ನ ಕೇಳೋರಿಲ್ಲ. ಹೊರಹೋಗೋ ಸಂಪರ್ಕಕ್ಕೂ ನಿಯಮ ಹಾಕಿದ್ದ ಕಡೆ ಆ ದಾಳಿಗೆ ಮುಂದಿನ ಹೆಜ್ಜೆ ಕಷ್ಟ ಆಯ್ತು.

ಹುಡುಗಿ: ಕಲೋನಿಯಲ್ ಪೈಪ್‌ಲೈನ್? ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಭಾಗಕ್ಕೆ ಪೆಟ್ರೋಲ್ ಸಾಗಿಸೋ ಪೈಪ್‌ಲೈನ್ ನಿಂತುಹೋಯ್ತಲ್ಲ. ಬಳಕೆಯಲ್ಲಿಲ್ಲದ ಹಳೇ ವಿಪಿಎನ್ ಖಾತೆ, ಹೇಗೋ ಸೋರಿದ್ದ ಒಂದು ಪಾಸ್‌ವರ್ಡ್, ಎರಡನೇ ಹಂತದ ದೃಢೀಕರಣ ಇಲ್ಲ. ಅಷ್ಟೇ.

ಚಿಕ್ಕಪ್ಪ: ಅದನ್ನ ಒಪ್ಪಿದೆ. ದಾಳಿಕೋರರು ಒಳಗೆ ಬಂದ ಬಾಗಿಲನ್ನ ಯಾವ ಸ್ವಿಚ್ಚೂ ಮುಚ್ತಿರಲಿಲ್ಲ.

ಹೀಗೆ ಒಬ್ಬೊಬ್ಬರು ತಮಗೆ ಹೊಂದುವ ಘಟನೆಯನ್ನು ಎತ್ತಿಡುತ್ತ ಹೋದರೆ ರಾತ್ರಿ ಕಳೆದರೂ ಮುಗಿಯದು. ನಮ್ಮದೇ ದೇಶದ ಒಂದು ಪ್ರಕರಣವನ್ನು ಮಾತ್ರ ಇಲ್ಲಿ ಸೇರಿಸಲೇಬೇಕು, ಏಕೆಂದರೆ ಅದರ ಕಾರಣ ಸಂಸತ್ತಿನ ದಾಖಲೆಯಲ್ಲಿದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ರ‍್ಯಾನ್ಸಮ್‌ವೇರ್‌ಗೆ ಸಿಕ್ಕವು. ಹೊರರೋಗಿಗಳ ಚೀಟಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ದಿನಗಟ್ಟಲೆ ಎಲ್ಲವೂ ಕೈಬರಹದಲ್ಲಿ ನಡೆಯಿತು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಗೆ ಸಿಕ್ಕಿತ್ತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದೇ ಕಾರಣವೆಂದೂ ಹೇಳಿತು. ಚಿಕ್ಕಪ್ಪ ಇದನ್ನೇ ಎತ್ತಿದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆ ಕಡೆಯಿಂದ ಬಂದಳು.

ಹುಡುಗಿ: ವಿಭಾಗಿಸಬೇಕು ಅನ್ನೋದು ಸರಿ. ಆದ್ರೆ ವಿಭಾಗಿಸೋರು ನಿಮ್ಮಂಥವರು. ಎಸ್‌ಓಸಿಯಲ್ಲಿ ಕೂತ ನನ್ನ ಕೈಗೆ ಯಾರೂ ಸ್ವಿಚ್ ಕೊಡಲ್ಲ. ಸಿಸಿಎನ್‌ಎ ಪಠ್ಯಕ್ರಮ ನೋಡಿದ್ದೀನಿ. ಐಪಿ ಕನೆಕ್ಟಿವಿಟಿಗೆ ನೂರಕ್ಕೆ 25, ಸೆಕ್ಯುರಿಟಿಗೆ 15. ಓಎಸ್‌ಪಿಎಫ್‌ನಲ್ಲಿ ರೂಟರ್‌ಗಳು ಹೇಗೆ ನೆರೆಹೊರೆ ಆಗ್ತವೆ, ಸ್ಪ್ಯಾನಿಂಗ್ ಟ್ರೀಯಲ್ಲಿ ಯಾವ ಸ್ವಿಚ್ ಯಜಮಾನ ಆಗುತ್ತೆ, ಇದನ್ನೆಲ್ಲ ಓದಿ ನನಗೇನು ಆಗಬೇಕು? ಪರೀಕ್ಷೆ ಶುಲ್ಕವೇ 300 ಡಾಲರ್. ತೆರಿಗೆ ಬಿಟ್ಟೇ 25 ಸಾವಿರ ರೂಪಾಯಿ ದಾಟುತ್ತೆ. ಮೂರು ವರ್ಷಕ್ಕೆ ಅದರ ಅವಧಿನೂ ಮುಗಿಯುತ್ತೆ.

ಚಿಕ್ಕಪ್ಪ: ಓಎಸ್‌ಪಿಎಫ್ ನಿನಗೆ ದಿನಾ ಬೇಕಾಗಲ್ಲ, ಅದು ನಿಜ. ದಿನಾ ಬೇಕಾಗೋದು ಯಾವುದು ಅಂತ ಒಂದು ಕೇಸಿನಲ್ಲೇ ಹೇಳ್ತೀನಿ. ಹೊರಗಿನ ಕಂಪನಿಯೊಂದರಿಂದ ನಮಗೆ ಮೇಲ್ ಬಂತು. ನಿಮ್ಮ ಐಪಿಯಿಂದ ರಾತ್ರಿ 2:14ಕ್ಕೆ ನಮ್ಮ ಸರ್ವರ್ ಮೇಲೆ ಪಾಸ್‌ವರ್ಡ್ ಊಹಿಸೋ ಪ್ರಯತ್ನ ಆಗಿದೆ, ನೋಡಿ ಅಂತ. ಆ ಒಂದು ಐಪಿಯ ಹಿಂದೆ ಇಡೀ ಕಟ್ಟಡ ಇದೆ. ಯಾರು ಅಂತ ಹೇಗೆ ಹುಡುಕ್ತೀಯ?

ಹುಡುಗಿ: ನ್ಯಾಟ್ ಲಾಗ್ ನೋಡ್ಬೇಕು. ಒಳಗಿನ ಯಾವ ವಿಳಾಸ ಆ ಹೊತ್ತಿಗೆ ಹೊರಗಿನ ವಿಳಾಸವಾಗಿ ಬದಲಾಗಿದೆ ಅಂತ.

ಚಿಕ್ಕಪ್ಪ: ಬರೀ ಹೊತ್ತು ಸಾಲದು. ಅದೇ ಸೆಕೆಂಡಿನಲ್ಲಿ ನೂರಾರು ಜನ ಅದೇ ಐಪಿಯಿಂದ ಹೊರಗೆ ಹೋಗ್ತಿರ್ತಾರೆ. ಸೋರ್ಸ್ ಪೋರ್ಟ್ ಎಷ್ಟು ಅಂತ ಅವರನ್ನ ಕೇಳ್ಬೇಕು. ಕೇಳಿ ತರಿಸಿಕೊಂಡ್ವಿ. 2:14ರ ಲಾಗ್‌ನಲ್ಲಿ ಆ ಪೋರ್ಟೇ ಇಲ್ಲ. ನೋಡಿದ್ರೆ ಫೈರ್‌ವಾಲ್ ಗಡಿಯಾರ ಏಳು ನಿಮಿಷ ಹಿಂದೆ ಓಡ್ತಿತ್ತು. 2:07ರಲ್ಲಿ ಸಿಕ್ತು. ಒಳಗಿನ ಐಪಿ ಸಿಕ್ಕ ಮೇಲೆ ಎಆರ್‌ಪಿ ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸ, ಆ ಮ್ಯಾಕ್ ಯಾವ ಸ್ವಿಚ್ಚಿನ ಯಾವ ಪೋರ್ಟಿನಲ್ಲಿದೆ ಅಂತ ಇನ್ನೊಂದು ಪಟ್ಟಿ. ಕೇಬಲ್ ಹಿಡಿದುಕೊಂಡು ಹೋದ್ರೆ ಗೋಡೌನಿನ ಮೂಲೆಯಲ್ಲಿ ಸಿಸಿಟಿವಿಯ ಡಿವಿಆರ್. ಪಾಸ್‌ವರ್ಡ್ ಬದಲಾಯಿಸದೆ ಹಾಗೇ ಬಿಟ್ಟಿದ್ದರು. ಕೀಬೋರ್ಡ್ ಮುಂದೆ ಯಾರೂ ಇರಲಿಲ್ಲ.

ಹುಡುಗಿ: ಅದಕ್ಕೇನಾ ಸೈಬರ್ ಘಟನೆ ನೋಡೋ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಗಡಿಯಾರದ ಬಗ್ಗೆ ಅಷ್ಟು ಒತ್ತಿ ಹೇಳಿರೋದು?

ಚಿಕ್ಕಪ್ಪ: ಹೌದು. 2022ರ ಏಪ್ರಿಲ್ 28ರ ನಿರ್ದೇಶನ. ಎನ್‌ಐಸಿ ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮಯಕ್ಕೆ ಯಂತ್ರಗಳ ಗಡಿಯಾರ ಹೊಂದಿರಬೇಕು, 180 ದಿನದ ಲಾಗ್ ಇಟ್ಟಿರಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆಯಲ್ಲಿ ಆ ಡಿವಿಆರ್ ಹತ್ರ ಮುಟ್ಟಬೇಕು ಅಂದ್ರೆ ನ್ಯಾಟ್, ಎಆರ್‌ಪಿ, ಮ್ಯಾಕ್ ಟೇಬಲ್, ಗಡಿಯಾರ ಹೊಂದಿಸೋ ಎನ್‌ಟಿಪಿ ನಾಲ್ಕೂ ಕೈಗೆ ಹತ್ತಿರಬೇಕು. ಇವೆಲ್ಲ ಸಿಸಿಎನ್‌ಎಯಲ್ಲೇ ಬರ್ತವೆ. ಹ್ಯಾಕಿಂಗ್ ಕರಪತ್ರದಲ್ಲಿ ಎಲ್ಲಾದ್ರೂ ಎನ್‌ಟಿಪಿ ಇದೆಯಾ ನೋಡು.

ಹುಡುಗಿ: ಇಲ್ಲ. ಆದ್ರೆ ಇಷ್ಟನ್ನ ನೀವು ಹತ್ತು ನಿಮಿಷದಲ್ಲಿ ಹೇಳಿದ್ರಿ, ನನಗೆ ಅರ್ಥವೂ ಆಯ್ತು.

ಚಿಕ್ಕಪ್ಪ: ಕೇಳಿ ಅರ್ಥ ಆಗೋದು ಬೇರೆ, ಮಧ್ಯರಾತ್ರಿ ಲಾಗ್‌ನಲ್ಲಿ ಆ ಪೋರ್ಟ್ ಇಲ್ಲದೆ ಹೋದಾಗ ಗಡಿಯಾರದ ಮೇಲೆ ಅನುಮಾನ ಬರೋದು ಬೇರೆ ಕಣಮ್ಮ. ಆ ಅನುಮಾನ ಬರೋಕೆ ಒಂದಷ್ಟು ನೆಟ್‌ವರ್ಕ್ ಕಟ್ಟಿ, ಕೆಡಿಸಿ, ಸರಿ ಮಾಡಿರಬೇಕು.

ಹುಡುಗಿ: ಕಟ್ಟಿ ಕೆಡಿಸೋಕೆ ತರಬೇತಿ ಕೇಂದ್ರವೇ ಬೇಕಾ? ಸಿಸ್ಕೋದವರ ಪ್ಯಾಕೆಟ್ ಟ್ರೇಸರ್ ಪುಕ್ಕಟೆ. ವೈರ್‌ಶಾರ್ಕ್ ಪುಕ್ಕಟೆ. ಐಐಟಿ ಖರಗ್‌ಪುರದ ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ. ದುಡ್ಡು ಕೊಟ್ಟು ಕಲಿಯೋದು ಏನಿದ್ರೂ ನನ್ನಷ್ಟಕ್ಕೆ ನಾನು ಕಲಿಯೋಕೆ ಆಗದ್ದನ್ನ.

ಚಿಕ್ಕಪ್ಪ: ವೈರ್‌ಶಾರ್ಕ್ ಹಾಕಿದ್ದೀಯಾ? ತೆಗಿ ಹಾಗಾದ್ರೆ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯಿತು. ವೈಫೈ ಮೇಲೆ ಕ್ಯಾಪ್ಚರ್ ಶುರುಮಾಡಿ ಒಂದು ಸುದ್ದಿತಾಣ ತೆರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಾಲುಗಳು ಉರುಳಿದವು.

ಚಿಕ್ಕಪ್ಪ: ನಿಲ್ಲಿಸು. ಮೊದಲಿನಿಂದ ಓದು.

ಹುಡುಗಿ: ಇದು ಎಆರ್‌ಪಿ. ‘192.168.1.1 ಯಾರು? 192.168.1.7ಕ್ಕೆ ಹೇಳಿ’ ಅಂತ ಕೇಳ್ತಿದೆ. ಏಳು ಅಂದ್ರೆ ನನ್ನ ಲ್ಯಾಪ್‌ಟಾಪ್. ರೂಟರ್ ತನ್ನ ಮ್ಯಾಕ್ ಹೇಳಿದೆ.

ಚಿಕ್ಕಪ್ಪ: ಹೇಳಿದ್ದು ರೂಟರೇ ಅಂತ ನಿನ್ನ ಲ್ಯಾಪ್‌ಟಾಪ್‌ಗೆ ಹೇಗೆ ಗೊತ್ತು?

ಹುಡುಗಿ: ಗೊತ್ತಾಗಲ್ಲ. ಯಾರು ಉತ್ತರ ಕೊಟ್ರೂ ನಂಬುತ್ತೆ.

ಚಿಕ್ಕಪ್ಪ: 1982ರಲ್ಲಿ ಬರೆದ ನಿಯಮ ಅದು, ಒಬ್ಬರನ್ನೊಬ್ಬರು ನಂಬೋ ಪ್ರಯೋಗಾಲಯಗಳ ಕಾಲದ್ದು. ಎಆರ್‌ಪಿ ಸ್ಪೂಫಿಂಗ್ ಅಂತ ಹ್ಯಾಕಿಂಗ್ ಕ್ಲಾಸಿನಲ್ಲಿ ಒಂದು ಟೂಲ್ ಓಡಿಸಿ ತೋರಿಸ್ತಾರಲ್ಲ, ಅದರ ಬೇರು ಈ ಎರಡು ಸಾಲಿನಲ್ಲಿದೆ. ಮುಂದೆ?

ಹುಡುಗಿ: ಡಿಎನ್‌ಎಸ್ ಪ್ರಶ್ನೆ, ಉತ್ತರ. ಆಮೇಲೆ ಸಿನ್, ಸಿನ್-ಆಕ್, ಆಕ್ ಬರಬೇಕು... ಬಂದಿಲ್ಲ. ಯುಡಿಪಿ 443 ಅಂತಿದೆ. ಕ್ವಿಕ್. ನೋಡಿ ಚಿಕ್ಕಪ್ಪ, ಪುಸ್ತಕದಲ್ಲಿ ಮೂರು ಹೆಜ್ಜೆಯ ಕೈಕುಲುಕು ಅಂತ ಬಾಯಿಪಾಠ ಮಾಡಿಸ್ತಾರೆ, ಇಲ್ಲಿ ಬ್ರೌಸರ್ ಅದನ್ನ ಬಿಟ್ಟೇಬಿಟ್ಟಿದೆ. ಕ್ವಿಕ್ ಮಾನಕ ಆಗಿದ್ದೇ 2021ರಲ್ಲಿ. ನೀವು ಹೇಳೋ ತರಬೇತಿ ಇಷ್ಟು ಹಿಂದೆ ಉಳಿದಿದ್ರೆ ಹೇಗೆ? ಒಳಗಿರೋದೆಲ್ಲ ಗೂಢಲಿಪಿ ಬೇರೆ. ಸೈಟಿನ ಹೆಸರು ಬಿಟ್ರೆ ಏನೂ ಕಾಣ್ತಿಲ್ಲ. ಪ್ಯಾಕೆಟ್ ಬಿಚ್ಚಿ ನೋಡೋ ಕಾಲ ಮುಗೀತು ಅನ್ನಿಸಲ್ವಾ?

ಚಿಕ್ಕಪ್ಪ: ಪಠ್ಯಕ್ರಮ ಹಿಂದೆ ಉಳಿಯೋದು ಹೌದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಇದು ಕ್ವಿಕ್ ಅಂತ ನೀನು ಗುರುತು ಹಿಡಿದಿದ್ದು ಹೇಗೆ? ಸಿನ್ ಬರಬೇಕಾದ ಜಾಗದಲ್ಲಿ ಬರಲಿಲ್ಲ ಅಂತ ಕಣ್ಣಿಗೆ ಬಿತ್ತು. ಹಳೇದು ಗೊತ್ತಿದ್ದಕ್ಕೇ ಹೊಸದು ಎದ್ದು ಕಂಡಿದ್ದು. ಇನ್ನು ಗೂಢಲಿಪಿ ವಿಚಾರ. ಮಾತು ಕೇಳಿಸದೆ ಇರಬಹುದು. ಯಾರು ಯಾರ ಜೊತೆ, ಎಷ್ಟು ಹೊತ್ತಿಗೆ, ಎಷ್ಟು ಬೈಟು ಮಾತಾಡಿದ್ರು ಅನ್ನೋದು ಕಾಣುತ್ತಲ್ಲ? ಒಂದು ಯಂತ್ರ ಹಗಲು ರಾತ್ರಿ ಅನ್ನದೆ ಸರಿಯಾಗಿ ಅರವತ್ತು ಸೆಕೆಂಡಿಗೊಮ್ಮೆ ಒಂದೇ ವಿಳಾಸಕ್ಕೆ ಪುಟ್ಟ ಪ್ಯಾಕೆಟ್ ಕಳಿಸ್ತಿದ್ರೆ ಮನುಷ್ಯ ಹಾಗೆ ಬ್ರೌಸ್ ಮಾಡಲ್ಲ ಅಂತ ಗೊತ್ತಾಗಬೇಕು. ನಮ್ಮೂರ ಬಸ್ಸಿನ ಕಂಡಕ್ಟರ್‌ಗೆ ದಿನಾ ಹತ್ತೋರ ಮುಖ ಗೊತ್ತಿರುತ್ತೆ, ಅದಕ್ಕೇ ಯಾರೂ ಹತ್ತದ ಜಾಗದಲ್ಲಿ ಹತ್ತಿದ ಹೊಸಬನ ಮೇಲೆ ಅವನ ಕಣ್ಣು ಹೋಗುತ್ತೆ. ಮಾಮೂಲು ಯಾವುದು ಅಂತ ತಿಳಿಯದೋನಿಗೆ ಅಲರ್ಟ್ ಎಲ್ಲ ಒಂದೇ ಥರ ಕಾಣುತ್ತೆ.

ಹುಡುಗಿ: ಈ ಮಾತು ನನಗೆ ಹಿಡಿಸ್ತು. ಆದ್ರೆ ಇದು ಸಿಸಿಎನ್‌ಎ ಸರ್ಟಿಫಿಕೇಟಿಗೆ ಸೇರೋ ವಾದ ಆಗಲಿಲ್ಲ. ದಿನಾ ಒಂದಷ್ಟು ಹೊತ್ತು ವೈರ್‌ಶಾರ್ಕ್ ಮುಂದೆ ಕೂತ್ಕೊ ಅನ್ನೋ ವಾದ.

ಚಿಕ್ಕಪ್ಪ: ಕೂರ್ತೀಯಾ?

ಹುಡುಗಿ: ಕೂರ್ತೀನಿ. ನನಗೆ ನಿಜವಾಗ್ಲೂ ಇರೋ ಭಯ ಬೇರೆ. ನಮ್ಮ ಕಾಲೇಜಿನ ಸೀನಿಯರ್ ಒಬ್ರು ಸೆಕ್ಯುರಿಟಿಗೆ ಹೋಗ್ತೀನಿ ಅಂತಲೇ ಸಿಸಿಎನ್‌ಎ ಮಾಡಿದ್ರು. ಎನ್‌ಓಸಿಯಲ್ಲಿ ಕೆಲಸ ಸಿಕ್ತು. ಲಿಂಕ್ ಬಿದ್ರೆ ಟಿಕೆಟ್ ಹಾಕೋದು, ಟೆಲಿಕಾಂ ಕಂಪನಿಗೆ ಫೋನ್ ಮಾಡೋದು. ವರ್ಷಗಳಾದ್ರೂ ಅಲ್ಲೇ ಇದ್ದಾರೆ. ರೆಸ್ಯೂಮೆಯಲ್ಲಿ ನೆಟ್‌ವರ್ಕ್ ಅಂತ ಬರೆದ ಮೇಲೆ ನೆಟ್‌ವರ್ಕ್ ಕೆಲಸಕ್ಕೇ ಕರೀತಾರೆ.

ಚಿಕ್ಕಪ್ಪ: ಎನ್‌ಓಸಿಯಿಂದ ಎಸ್‌ಓಸಿಗೆ ಹೋದೋರನ್ನ ನಾನು ನೋಡಿದ್ದೀನಿ. ಹೋಗದೆ ಉಳಿದೋರನ್ನೂ ನೋಡಿದ್ದೀನಿ. ನೀನು ಹೋಗ್ತೀಯ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ. ಆದ್ರೆ ಇನ್ನೊಂದು ಕಡೆನೂ ನೋಡು. ಪೆನ್ ಟೆಸ್ಟರ್ ಆಗ್ಬೇಕು ಅಂದೆಯಲ್ಲ, ಓಎಸ್‌ಸಿಪಿಯ ಕೋರ್ಸ್‌ಗೆ ಬರೋ ಮೊದಲೇ ಟಿಸಿಪಿ/ಐಪಿ ಗಟ್ಟಿಯಾಗಿ ಗೊತ್ತಿರಬೇಕು ಅಂತ ಅವರೇ ಹೇಳ್ತಾರೆ. ಪರೀಕ್ಷೆ 23 ಗಂಟೆ 45 ನಿಮಿಷ, ಪೂರ್ತಿ ಪ್ರಾಯೋಗಿಕ. ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ ಯಾರು ಬೇಕಾದ್ರೂ ಬರೀಬಹುದು, ಆದ್ರೆ ನೆಟ್‌ವರ್ಕ್ ಪ್ಲಸ್ ಮತ್ತು ಎರಡು ವರ್ಷದ ಕೆಲಸದ ಅನುಭವ ಇದ್ರೆ ಒಳ್ಳೇದು ಅಂತ ಅವರ ಸಲಹೆ. ಭದ್ರತೆ ಕಲಿಸೋರೇ ನೆಟ್‌ವರ್ಕ್ ಕಲಿತು ಬನ್ನಿ ಅಂತಿದ್ದಾರೆ.

ಹುಡುಗಿ: ಕಲಿತು ಬನ್ನಿ ಅಂತಾರೆ, ಸಿಸಿಎನ್‌ಎ ಮಾಡಿ ಬನ್ನಿ ಅನ್ನಲ್ಲ. ಮತ್ತೆ ಈಗ ಕಂಪನಿಗಳೆಲ್ಲ ಕ್ಲೌಡಿಗೆ ಹೋಗ್ತಿವೆ. ಅಲ್ಲಿ ನನಗೆ ಸ್ವಿಚ್ಚೇ ಕಾಣಲ್ಲ.

ಚಿಕ್ಕಪ್ಪ: ಸ್ವಿಚ್ ಕಾಣಲ್ಲ, ಸಬ್‌ನೆಟ್ ಕಾಣುತ್ತೆ. ಎರಡು ತಂಡದೋರು ತಮ್ಮ ತಮ್ಮ ವಿಪಿಸಿಗೆ ಒಂದೇ 10.0.0.0/16 ಕೊಟ್ಟಿದ್ರೆ ಪೀರಿಂಗ್ ಮಾಡೋಕೇ ಬಿಡಲ್ಲ. /26 ಅಂದ್ರೆ ಎಷ್ಟು ವಿಳಾಸ?

ಹುಡುಗಿ: ಅರವತ್ನಾಲ್ಕು. ಬಳಸೋಕೆ ಸಿಗೋದು 62.

ಚಿಕ್ಕಪ್ಪ: ಎಡಬ್ಲ್ಯುಎಸ್‌ನಲ್ಲಿ?

ಹುಡುಗಿ: ಅವರು ಐದು ಇಟ್ಕೋತಾರೆ. 59. ಇದನ್ನ ನಾನು ಕಲಿತಿದ್ದು ಕ್ಲೌಡ್ ಪಾಠದಿಂದ ಚಿಕ್ಕಪ್ಪ, ಸಿಸಿಎನ್‌ಎಯಿಂದ ಅಲ್ಲ.

ಚಿಕ್ಕಪ್ಪ ನಕ್ಕರು. ಆ ಉತ್ತರ ಅವರಿಗೆ ಹೆಮ್ಮೆ ತಂದಿತ್ತು, ವಾದವನ್ನು ಮಾತ್ರ ಬಿಡಲಿಲ್ಲ. ನನಗೆ ತೋರುವಂತೆ ಇಲ್ಲಿ ಇಬ್ಬರೂ ಒಂದು ವಿಷಯದಲ್ಲಿ ಹತ್ತಿರ ಬಂದಿದ್ದರು: ಹೊಸಬರು ಮೊದಲು ಟೂಲ್ ಹಿಡಿಯುವುದಕ್ಕಿಂತ, ತಂತಿಯ ಮೇಲೆ ಓಡುವುದನ್ನು ಓದಲು ಕಲಿಯಬೇಕು. ಅದನ್ನು ದುಡ್ಡು ಕೊಟ್ಟು ಕಲಿಯಬೇಕೆ ಎನ್ನುವುದರಲ್ಲಿ ಮಾತ್ರ ದೂರವೇ ಉಳಿದಿದ್ದರು.

ಹುಡುಗಿ: ಒಂದು ವೇಳೆ ಸೇರೋದಾದ್ರೆ ಈ ಕೇಂದ್ರ ಒಳ್ಳೇದಾ? ಶೇಕಡಾ ನೂರು ಪ್ಲೇಸ್‌ಮೆಂಟ್ ಅಂತ ಹಾಕಿದ್ದಾರೆ.

ಚಿಕ್ಕಪ್ಪ: ಆ ಸಾಲನ್ನ ಓದಲೇಬೇಡ. ಹೋಗಿ ಲ್ಯಾಬ್ ತೋರಿಸಿ ಅನ್ನು. ಕನ್ಸೋಲ್ ಕೇಬಲ್ ಹಾಕಿ ಕೂರೋಕೆ ನಿಜವಾದ ಸ್ವಿಚ್ ಇದೆಯಾ, ಒಂದಕ್ಕೆ ಎಷ್ಟು ಜನ ಅಂತ ಕೇಳು. ಕೆಟ್ಟಿರೋ ನೆಟ್‌ವರ್ಕ್ ಕೊಟ್ಟು ಸರಿ ಮಾಡಿಸ್ತೀರಾ ಅಂತ ಕೇಳು. ಕೊನೇ ವಾರ ಡಂಪ್ಸ್ ಕೊಡ್ತೀವಿ, ಅದನ್ನ ಓದಿಕೊಂಡ್ರೆ ಪಾಸು ಅಂದ್ರೆ ಎದ್ದು ಬಾ. ಸೋರಿದ ಪ್ರಶ್ನೆ ಉರು ಹೊಡೆದು ಪಡೆದ ಸರ್ಟಿಫಿಕೇಟ್ ರದ್ದಾಗಬಹುದು, ಸಂದರ್ಶನದಲ್ಲಂತೂ ಐದು ನಿಮಿಷ ನಿಲ್ಲಲ್ಲ. ಹ್ಯಾಕಿಂಗ್ ಕೇಂದ್ರಕ್ಕೆ ಹೋದ್ರೂ ಇದೇ ಪ್ರಶ್ನೆಗಳು. ಜೊತೆಗೆ ಯಾವ ಯಂತ್ರದ ಮೇಲೆ ಅಭ್ಯಾಸ ಮಾಡಿಸ್ತೀರಿ ಅಂತನೂ ಕೇಳು. ಬೇರೆಯವರ ಸೈಟ್ ಸ್ಕ್ಯಾನ್ ಮಾಡಿ ನೋಡಿ ಅನ್ನೋ ಕಡೆ ನಿಲ್ಲಬೇಡ. ಅನುಮತಿ ಇಲ್ಲದೆ ಬೇರೆಯವರ ಯಂತ್ರಕ್ಕೆ ಹೊಕ್ಕರೆ ಐಟಿ ಕಾಯ್ದೆಯ 66ನೇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು ಇದೆ.

ಹುಡುಗಿ: ನಾನು ಯೋಚನೆ ಮಾಡಿರೋದು ಹೀಗೆ. ಎರಡು ತಿಂಗಳು ಎಲ್ಲೂ ಸೇರಲ್ಲ. ಪ್ಯಾಕೆಟ್ ಟ್ರೇಸರ್, ವೈರ್‌ಶಾರ್ಕ್, ಲಿನಕ್ಸ್. ಆಮೇಲೆ ಉಳಿದ ದುಡ್ಡಲ್ಲಿ ಸೆಕ್ಯುರಿಟಿ ಪ್ಲಸ್ ಬರೀತೀನಿ.

ಚಿಕ್ಕಪ್ಪ: ಒಬ್ಬರೇ ಕೂತು ಕಲಿಯೋರಲ್ಲಿ ಬಹಳ ಜನ ವಿಎಲ್‌ಎಎನ್‌ವರೆಗೆ ಬಂದು ನಿಲ್ಲಿಸ್ತಾರೆ. ಲ್ಯಾಬ್ ಓಡದೆ ಹೋದಾಗ ಕೇಳೋಕೆ ಯಾರೂ ಇರಲ್ಲ. ಪರೀಕ್ಷೆ ದಿನ ಗೊತ್ತು ಮಾಡಿಕೊಂಡ್ರೆ ಓದು ತಾನಾಗಿ ನಡೆಯುತ್ತೆ. ಕೆಲಸದ ಜಾಹೀರಾತಿನಲ್ಲಿ ಸಿಸಿಎನ್‌ಎ ಅಂತ ಕೇಳೋರು ಇನ್ನೂ ಇದ್ದಾರೆ.

ಹುಡುಗಿ: ಸೆಕ್ಯುರಿಟಿ ಪ್ಲಸ್, ಸಿಇಎಚ್ ಅಂತ ಕೇಳೋರೂ ಇದ್ದಾರೆ. ಲ್ಯಾಬ್ ಓಡದೆ ಹೋದ್ರೆ ನಿಮಗೆ ಫೋನ್ ಮಾಡ್ತೀನಿ.

ಚಿಕ್ಕಪ್ಪ: ಮಾಡು. ಆದ್ರೆ ಮುಂದಿನ ಭಾನುವಾರ ಒಂದು ಕ್ಯಾಪ್ಚರ್ ಫೈಲ್ ಕಳಿಸ್ತೀನಿ. ಸೋಂಕು ತಗುಲಿದ ಯಂತ್ರ ಯಾವುದು, ಅದು ಯಾರ ಜೊತೆ ಮಾತಾಡ್ತಿದೆ, ನಿನಗೆ ಹೇಗೆ ಗೊತ್ತಾಯ್ತು, ಮೂರನ್ನೂ ಬರೆದು ಕಳಿಸು. ಆಗದೆ ಹೋದ್ರೆ ಸಿಸಿಎನ್‌ಎ ಕ್ಲಾಸಿಗೆ ಸೇರ್ಕೋಬೇಕು.

ಹುಡುಗಿ: ಆದ್ರೆ?

ಚಿಕ್ಕಪ್ಪ: ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ, ಅವಳ ಪಾಡಿಗೆ ಕಲೀಲಿ ಅಂತ. ಆಮೇಲೂ ಸಿಸಿಎನ್‌ಎ ಬರಿ ಅಂತಲೇ ನಿನಗೆ ಹೇಳ್ತಿರ್ತೀನಿ.

ಹುಡುಗಿ: ಹೇಳಿ, ಪರವಾಗಿಲ್ಲ. ಫೈಲ್ ಎಷ್ಟು ದೊಡ್ಡದು?